ಯವನರ ಗ್ರಂಥಸಂಪತ್ತೂ ನಮ್ಮ ಓಲೆಗರಿಗಳೂ

(ತುಮಕೂರಿನ ಸದಾಶಿವನಗರದಲ್ಲಿ ಕೂಡಿದ್ದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠದ ಮಹೋತ್ಸವದಲ್ಲಿ ಗ್ರೀಕರ ಮಾತೇಕೆ ಎಂಬ ಶಂಕೆ ಕೆಲವರಿಗೆ ಹುಟ್ಟಬಹುದು. ಶಂಕೆಯು ಸಹಜವಾದುದೇ. ಆದರೆ ಗ್ರೀಕರು ನಮಗೆ ತೀರ ಅಪರಿಚಿತರಲ್ಲ. ನಮ್ಮ ಹಿರಿಯರು ಅವರನ್ನು ಯವನರೆಂದು ಕರೆದರು. ಅಯೋನಿಯಾ ಎಂಬ ಅವರ ನಾಡಿನ ಹೆಸರೇ ಪ್ರಾಕೃತದಲ್ಲಿ ಯೋನವೆಂದೂ ಸಂಸ್ಕೃತದಲ್ಲಿ ಯವನವೆಂದೂ ಆಯಿತು. ಪಾಣಿನಿಯ ಸೂತ್ರಪಾಠದಲ್ಲಿ ಯವನಶಬ್ದವುಂಟು. ಅದರಿಂದ ಹುಟ್ಟುವ ಯವನಾನೀ ಎಂಬ ಪದಕ್ಕೆ ಯವನರ ಲಿಪಿಯೆಂದು ಅರ್ಥವನ್ನು ವಾರ್ತಿಕಕಾರನಾದ ಕಾತ್ಯಾಯನನು ಹೇಳಿದನು. ನಮ್ಮ ಜೋಯಿಸರು ದಿನವೂ ಆಡುವ ಹೋರಾ, ಕೇಂದ್ರ, ಜಾಮಿತ್ರ ಎಂಬ ಪದಗಳು ಗ್ರೀಕ್ ಭಾಷೆಯಿಂದ ಬಂದವು. ವರಾಹಮಿಹಿರನ ಬೃಹತ್ಸಂಹಿತೆಯು, ಜ್ಯೋತಿಷವನ್ನು ಬಲ್ಲ ಯವನರು ಮ್ಲೇಚ್ಛರಾದರೂ ಋಷಿಗಳಂತೆ ಪೂಜ್ಯರೆಂದು ಹೇಳುತ್ತದೆ. ವಿದ್ಯೆಯು ಎಲ್ಲಿಂದ ಬಂದರೂ ಅದನ್ನು ಆದರಿಸತಕ್ಕದ್ದೆಂಬುದು ಹೊಸ ಮಾತಲ್ಲ.

ಇನ್ನು ನಮ್ಮ ನೆಲದ ಸಾಕ್ಷಿಗಳನ್ನು ನೋಡೋಣ. ನೆರೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಎಡೆಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಶಾಸನವು ಬ್ರಾಹ್ಮೀಲಿಪಿಯಲ್ಲಿದೆ. ಕೊನೆಯಲ್ಲಿ ಬರೆದವನು ಚಪಡನೆಂದು ಹೆಸರು ಹೇಳಿ, ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ನಡೆಯುವ ಖರೋಷ್ಠೀಲಿಪಿಯಲ್ಲಿ ಬರೆಯಲಾಗಿದೆ. ಖರೋಷ್ಠಿಯು ಗಾಂಧಾರದ ಕಡೆಯ ಲಿಪಿ. ಆ ವಾಯವ್ಯಸೀಮೆಯಲ್ಲಿಯೇ ಯವನರೂ ನೆಲಸಿದ್ದರು. ಅಲ್ಲಿಯೇ ಸೇರಿದ ಕಂದಹಾರದಲ್ಲಿ ಅಶೋಕನ ಧರ್ಮಶಾಸನವೊಂದು ಗ್ರೀಕ್ ಮತ್ತು ಅರಮೇಯಿಕ್ ಭಾಷೆಗಳಲ್ಲಿ ಕೆತ್ತಿದ್ದು 1958ರಲ್ಲಿ ದೊರೆಯಿತು. ಅದೇ ಅರಸನು ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಐವರು ಯವನ ಅರಸರ ಹೆಸರುಗಳನ್ನು ಹೇಳಿದ್ದಾನೆ. ಗ್ರೀಕರ ಇತಿಹಾಸದಿಂದ ಆ ಅರಸರ ಕಾಲವು ತಿಳಿದುದರಿಂದಲೇ ಅಶೋಕನ ಕಾಲವು ನಿಶ್ಚಯವಾಗಿ ಗೊತ್ತಾಯಿತು. ನಮ್ಮ ಇತಿಹಾಸದ ಬೀಗಕ್ಕೆ ಅವರ ಇತಿಹಾಸದಲ್ಲಿ ಕೀಲಿಕೈ ದೊರೆತಂತಾಯಿತು.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿಯು ತನ್ನ ಭೂಗೋಳಗ್ರಂಥದಲ್ಲಿ ನಮ್ಮ ಬನವಾಸಿಯ ಹೆಸರನ್ನು ಬರೆದನು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರೂ, ಬಳಿಕ 1947ರಲ್ಲಿ ವ್ಹೀಲರ್ ಅವರೂ ನೆಲವನ್ನು ಅಗೆಸಿದಾಗ ರೋಮನರ ಬೆಳ್ಳಿಯ ನಾಣ್ಯಗಳು ಸಾತವಾಹನರ ಕಾಲದ ಅವಶೇಷಗಳೊಡನೆ ದೊರೆತುವು.

ಇವೆಲ್ಲಕ್ಕಿಂತ ಕುತೂಹಲಕರವಾದುದು ಒಂದು ಹಾಸ್ಯನಾಟಕದ ಕಥೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಹೊರಗೆ ತಿಪ್ಪೆಗುಡ್ಡಗಳಿದ್ದುವು. ಅಲ್ಲಿ ಗ್ರೆನ್‌ಫೆಲ್, ಹಂಟ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು 1896ರ ಕೊನೆಗೆ ಅಗೆಯತೊಡಗಿ, ಪಪೈರಸ್ ಎಂಬ ಜೊಂಡಿನ ಹಾಳೆಗಳ ಚೂರುಗಳನ್ನು ರಾಶಿರಾಶಿಯಾಗಿ ತೆಗೆದರು. 1903ರಲ್ಲಿ ಅವರು ಅಚ್ಚುಮಾಡಿಸಿದ ಸಂಪುಟದಲ್ಲಿ, ಎರಡನೆಯ ಶತಮಾನದ ಹಾಳೆಯೊಂದರಲ್ಲಿದ್ದ ಈ ನಾಟಕವು ಬಂದಿತು. ಖಾರಿತಿಯೋನ್ ಎಂಬ ಗ್ರೀಕ್ ಹೆಂಗಸು ಹಿಂದೂಮಹಾಸಾಗರದ ತೀರದಲ್ಲಿ ಅರಸನೊಬ್ಬನ ವಶದಲ್ಲಿದ್ದಾಳೆ. ಆಕೆಯ ಅಣ್ಣನು ಬಂದು, ಅರಸನಿಗೂ ಪರಿವಾರಕ್ಕೂ ಮದ್ಯವನ್ನು ಕುಡಿಸಿ, ತಂಗಿಯನ್ನು ಹಡಗಿನಲ್ಲಿ ಕರೆದೊಯ್ಯುತ್ತಾನೆ. ಅರಸನ ಕಡೆಯವರು ಗ್ರೀಕ್ ಅಲ್ಲದ ಮಾತುಗಳನ್ನಾಡುತ್ತಾರೆ. ಅವು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಅವರು ಸೂಚಿಸಿದರು. ಅರ್ಥಶಾಸ್ತ್ರವನ್ನು ಲೋಕಕ್ಕೆ ಕೊಟ್ಟ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ಕುರಿತು ಪರಿಶೀಲಿಸಿದರು. 1926ರಲ್ಲಿ ಬಾರ್ನೆಟ್ ಅವರು ಅವು ಕನ್ನಡವೆಂಬುದನ್ನು ಒಪ್ಪದೆ ಬರೆದರು. ಬೇರೆ ಕೆಲವರು ಅದರಲ್ಲಿ ತುಳುವನ್ನು ಕಂಡರು.

ಈ ಚರ್ಚೆಯು ಇನ್ನೂ ಮುಗಿದಿಲ್ಲ. ನಮ್ಮ ನುಡಿಗೆ ಅಷ್ಟು ಪ್ರಾಚೀನತೆ ಬಂದರೆ ಯಾರಿಗೆ ಸಂತೋಷವಿಲ್ಲ? ಆದರೂ ಸಂತೋಷವು ಪ್ರಮಾಣವಾಗಲಾರದು. ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡಬೇಕು. ಕನ್ನಡವೆಂದವರೂ ಅಲ್ಲವೆಂದವರೂ ಒಂದೊಂದು ಅಕ್ಷರವನ್ನು ಹಿಡಿದು ವಾದಿಸಿದರು. ಹಾಗೆ ವಾದಿಸಲು ಅವರ ಮುಂದೆ ಒಂದು ಹಾಳೆಯಿತ್ತು. ಹಾಳೆಯೇ ಇಲ್ಲದಿದ್ದರೆ ವಾದವೂ ಇಲ್ಲ, ನಿರ್ಣಯವೂ ಇಲ್ಲ.

ಆದುದರಿಂದ ಯವನರ ಗ್ರಂಥಗಳು ಹೇಗೆ ಉಳಿದುವು, ಹೇಗೆ ಅಳಿದುವು ಎಂಬುದನ್ನು ವಿಚಾರಿಸಬೇಕು. ಸೋಫೋಕ್ಲೀಸನು ನೂರಿಪ್ಪತ್ತಕ್ಕೂ ಹೆಚ್ಚು ನಾಟಕಗಳನ್ನು ರಚಿಸಿದನು. ಪೂರ್ಣವಾಗಿ ಉಳಿದುವು 7. ಈಸ್ಕಿಲಸನ ಎಪ್ಪತ್ತಕ್ಕೂ ಮಿಕ್ಕ ನಾಟಕಗಳಲ್ಲಿ ಅವನ ಹೆಸರಿನಲ್ಲಿ ಉಳಿದವೂ 7. ಎಲ್ಲವನ್ನೂ ಶತ್ರುಗಳೇ ಸುಟ್ಟರೆಂದು ತಿಳಿಯಬೇಡಿರಿ. ಪಾಠಶಾಲೆಯಲ್ಲಿ ಓದಿಸುವುದಕ್ಕೆ ಕೆಲವನ್ನು ಆರಿಸಿಕೊಂಡರು. ಅವನ್ನು ಮತ್ತೆ ಮತ್ತೆ ಪ್ರತಿಮಾಡಿದರು. ಓದುವವರಿಲ್ಲದವನ್ನು ಪ್ರತಿಮಾಡುವವರೂ ಇಲ್ಲದೆ ಹೋದರು. ಹೀಗೆ ಬಹುಭಾಗವು ಸದ್ದಿಲ್ಲದೆ ಅಳಿಯಿತು. ಉಳಿದುದನ್ನು ಕಾನ್‌ಸ್ಟಾಂಟಿನೋಪಲ್ ಪಟ್ಟಣದ ಪಂಡಿತರೂ ಮಠಗಳ ಸಂನ್ಯಾಸಿಗಳೂ ತಲೆಮಾರುಗಳವರೆಗೆ ಬರೆದು ಕಾಪಾಡಿದರು. ಬಾಗ್ದಾದಿನ ವಿದ್ವಾಂಸರು ವೈದ್ಯ, ಗಣಿತ, ತರ್ಕಗ್ರಂಥಗಳನ್ನು ಅರಬ್ಬೀ ಭಾಷೆಗೆ ಪರಿವರ್ತಿಸಿಕೊಂಡರು. 1453ರಲ್ಲಿ ಆ ಪಟ್ಟಣವು ತುರುಕರ ವಶವಾಗುವುದಕ್ಕೆ ಮೊದಲೂ ಅನಂತರವೂ ಗ್ರೀಕ್ ಪಂಡಿತರು ಪುಸ್ತಕಗಳೊಡನೆ ಇಟಲಿಗೆ ಬಂದರು; 1502ರಲ್ಲಿ ವೆನಿಸ್ ನಗರದ ಆಲ್ಡಸನು ಸೋಫೋಕ್ಲೀಸನ ಆ ಏಳು ನಾಟಕಗಳನ್ನು ಅಚ್ಚುಹಾಕಿದನು.

ಆ ಏಳರಲ್ಲಿ ಒಂದು ಏಜಾಕ್ಸ್. ಅದು ನಮ್ಮ ಜಿಲ್ಲೆಗೆ ಬಂದ ಬಗೆಯನ್ನು ಕೇಳಿರಿ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಆ ನಾಟಕವನ್ನು ಮಾದರಿಯಾಗಿಟ್ಟುಕೊಂಡು ಅಶ್ವತ್ಥಾಮನ್ ಎಂಬ ರುದ್ರನಾಟಕವನ್ನು ಬರೆದರು. ಈಸ್ಕಿಲಸನ ಕೃತಿಯಿಂದ ಪಾರಸಿಕರು ಎಂಬುದನ್ನು ಕನ್ನಡಕ್ಕೆ ತಂದರು. ಚಿರಂಜೀವಿಯೆಂದು ಪುರಾಣವು ಹೇಳುವ ಅಶ್ವತ್ಥಾಮನನ್ನು ರಂಗದ ಮೇಲೆ ಸಾಯಿಸಬಹುದೇ ಎಂದು ಆಕ್ಷೇಪಿಸಿದವರಿದ್ದರು. ಆ ವಾದದ ಗುಣದೋಷಗಳು ಹೇಗಾದರೂ ಇರಲಿ. ಎರಡು ಸಾವಿರದ ನಾಲ್ಕುನೂರು ವರ್ಷಗಳ ಹಿಂದಿನ ದುಃಖವೊಂದು ಸಂಪಿಗೆಯ ಮಗನ ಕೈಯಲ್ಲಿ ಹಳಗನ್ನಡವಾಯಿತು. ನಡುವೆ ಹೆಸರು ಹೇಳದೆ ಪ್ರತಿಮಾಡುತ್ತ ಕುಳಿತ ಲಿಪಿಕಾರರಲ್ಲಿ ಒಂದು ತಲೆಮಾರು ಸೋಮಾರಿಯಾಗಿದ್ದರೂ ಇದು ನಮಗೆ ಬರುತ್ತಿರಲಿಲ್ಲ.

ಭಕ್ತಮಹನೀಯರೆ, ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ಭಾವಚಿಂತಾರತ್ನವನ್ನೂ 1530ರಲ್ಲಿ ವೀರಶೈವಾಮೃತಪುರಾಣವನ್ನೂ ಮುಗಿಸಿದನು. ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ನೆಲಸಿದ ತೋಂಟದ ಸಿದ್ಧಲಿಂಗಯತಿಗಳ ವಚನಗಳೂ ಇದೇ ನೆಲದವು. ಇವೆಲ್ಲ ನಮಗೆ ದೊರೆತದ್ದು ಓಲೆಗರಿಗಳಿಂದ. ಬಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಗೆ ಹೋಗಿ ಕಟ್ಟುಗಳನ್ನು ಬಿಚ್ಚಿ ನೋಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಇದಕ್ಕಾಗಿ ತಮ್ಮ ಗಳಿಕೆಯನ್ನೆಲ್ಲ ಸವೆಸಿದರು. ಅವರು ಹೋಗದ ಮನೆಗಳಲ್ಲಿ ಏನಿತ್ತೆಂಬುದನ್ನು ಹೇಳುವವರು ಯಾರು?

ಈಜಿಪ್ಟಿನ ತಿಪ್ಪೆಯು ಪುಸ್ತಕವನ್ನು ಕಾಪಾಡಿತು. ಏಕೆಂದರೆ ಅಲ್ಲಿ ಮಳೆಯಿಲ್ಲ, ಒಣಮರಳು. ನಮ್ಮ ದೇಶದ ತಿಪ್ಪೆಯು ಒಂದು ಮಳೆಗಾಲದಲ್ಲಿ ಗರಿಯನ್ನು ಗೊಬ್ಬರ ಮಾಡುತ್ತದೆ. ಅಟ್ಟದ ಮೇಲಿಟ್ಟರೆ ಗೆದ್ದಲು ಮುಗಿಸುತ್ತದೆ. ಆದಕಾರಣ ಯವನರಿಗೆ ಒದಗಿದ ಆ ಅದೃಷ್ಟವನ್ನು ನಾವು ನೆಚ್ಚಿಕೊಂಡು ಕೂರುವಂತಿಲ್ಲ. ನಮ್ಮ ಗರಿಯನ್ನು ನಮ್ಮ ಕೈಯೇ ಕಾಯಬೇಕು.

ಇಲ್ಲಿ ಭಕ್ತಿಯ ವಿಷಯವಾಗಿಯೂ ಒಂದು ಮಾತನ್ನು ಹೇಳದೆ ಗತ್ಯಂತರವಿಲ್ಲ. ಎಷ್ಟೋ ಮನೆಗಳಲ್ಲಿ ಓಲೆಯ ಕಟ್ಟನ್ನು ದೇವರ ಜಗಲಿಯ ಮೇಲಿಟ್ಟು, ನೀರು ಪ್ರೋಕ್ಷಿಸಿ, ಅರಿಸಿನ ಕುಂಕುಮ ಹಚ್ಚಿ ಪೂಜಿಸುತ್ತಾರೆ, ಬಿಚ್ಚಿ ಓದುವುದಿಲ್ಲ. ಗರಿಗಳು ಶಿಥಿಲವಾದ ಮೇಲೆ ಹೊಳೆಗೆ ಬಿಡುತ್ತಾರೆ. ಅವರ ಶ್ರದ್ಧೆಯನ್ನು ನಾನು ಹಳಿಯುವುದಿಲ್ಲ. ಅದೇ ಶ್ರದ್ಧೆಯಿಂದಲೇ ಆ ಕಟ್ಟು ಅಷ್ಟು ಕಾಲ ಉಳಿದದ್ದು. ಕಲಬುರಗಿ ಸೀಮೆಯ ಸನ್ನತಿಯಲ್ಲಿ ಅಶೋಕನ ಶಾಸನದ ಕಲ್ಲೊಂದು ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. ಗುಡಿಯ ಮಾಡು ಕುಸಿದು ಜೀರ್ಣೋದ್ಧಾರಕ್ಕೆ ತೊಡಗಿದಾಗಲೇ ಅಕ್ಷರಗಳು ಕಾಣಿಸಿದುವು. ಪೂಜೆಯು ಆ ಕಲ್ಲನ್ನು ಉಳಿಸಿತು, ಅದರ ಅಕ್ಷರಗಳನ್ನು ಮರೆಸಿತು. ಕಲ್ಲಾದುದರಿಂದ ಅದು ತಾಳಿಕೊಂಡಿತು, ಗರಿಯು ತಾಳಲಾರದು. ಗ್ರಂಥಕ್ಕೆ ನಿಜವಾದ ಅರ್ಚನೆಯೆಂದರೆ ಪಠನವೇ.

ಮಾಡತಕ್ಕ ಕಾರ್ಯವು ಕಷ್ಟದ್ದಲ್ಲ. ಕಟ್ಟಿನ ಮೇಲೆ ನೀರನ್ನಾಗಲಿ ಕುಂಕುಮವನ್ನಾಗಲಿ ಹಾಕಬಾರದು. ದಾರವು ಬಿಗಿದಿದ್ದರೆ ಎಳೆಯಬಾರದು. ಅಂಟಿಕೊಂಡ ಗರಿಗಳನ್ನು ಬಲ್ಲವರಿಂದಲೇ ಬಿಡಿಸಬೇಕು. ಒಣಗಿದ ಗರಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರಿದರೆ ಮೆತ್ತಗಾಗುತ್ತದೆ. ಅಕ್ಷರಗಳು ಮಸುಕಾಗಿದ್ದರೆ ಮಸಿಯನ್ನು ಉಜ್ಜಿ ಒರೆಸಿದಾಗ ಕಂಟದ ಗೀರುಗಳು ಎದ್ದು ಕಾಣುತ್ತವೆ. ಮೇಲೂ ಕೆಳಗೂ ಹಲಗೆಯಿಟ್ಟು, ಬಟ್ಟೆಯಲ್ಲಿ ಸುತ್ತಿ, ಬಜೆಯ ಬೇರನ್ನೂ ಒಣಗಿದ ಬೇವಿನ ಎಲೆಯನ್ನೂ ಜೊತೆಗಿಟ್ಟರೆ ಹುಳು ಸೇರದು. ಎಲ್ಲಕ್ಕಿಂತ ಮೊದಲು ಗರಿಗರಿಯ ಛಾಯಾಚಿತ್ರವನ್ನು ತೆಗೆಸಬೇಕು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಭಂಡಾರವು ಇಂದು ವಿಶ್ವವಿದ್ಯಾನಿಲಯದ ಸಂಶೋಧನಾಲಯವಾಗಿದೆ. ಅಲ್ಲಿಗೆ ಪಂಡಿತರೊಬ್ಬರು ತಂದುಕೊಟ್ಟ ಕಟ್ಟಿನಲ್ಲಿಯೇ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರವು ದೊರೆತು, 1909ರಲ್ಲಿ ಅಚ್ಚಾಯಿತು. ಕೊಟ್ಟವರು ಕಟ್ಟನ್ನು ಕೊಡದೆ ಅಟ್ಟದಲ್ಲಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಯೋಚಿಸಿರಿ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಹಳೆಯ ಮೋಡಿಯ ಅಕ್ಷರವನ್ನು ಓದಬಲ್ಲವರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಗರಿ ಉಳಿದು ಓದುಗನು ಅಳಿದರೆ ನಷ್ಟವು ಅಷ್ಟೇ. ನಿಮ್ಮಲ್ಲಿ ಹತ್ತು ಮಂದಿ ಈ ವರ್ಷ ಓಲೆಯನ್ನು ಓದಲು ಕಲಿತು, ಒಬ್ಬೊಬ್ಬರು ಒಂದೊಂದು ಕಟ್ಟನ್ನು ಕಾಗದಕ್ಕೆ ಇಳಿಸಿದರೆ, ಈ ಮಹೋತ್ಸವಕ್ಕೆ ಅದಕ್ಕಿಂತ ಮಿಗಿಲಾದ ಕಾಣಿಕೆ ಬೇರೊಂದಿಲ್ಲ. ಭಕ್ತರು ತಮ್ಮ ತಮ್ಮ ಮನೆಯ ಅಟ್ಟವನ್ನೂ ಪೆಟ್ಟಿಗೆಯನ್ನೂ ಒಮ್ಮೆ ನೋಡಿ, ಇರುವುದನ್ನು ಮಠಕ್ಕೆ ತಿಳಿಸಬೇಕೆಂದು ಬೇಡಿಕೊಳ್ಳುತ್ತೇನೆ.