ಕಣ್ಣಿನ ಹಾಸುಹೊಕ್ಕು



ರಾಯದುರ್ಗ, ಮಡಕಶಿರಾ ಸೀಮೆಯವರಾದ ನಮಗೆ ಬಟ್ಟೆಯ ಗುಣ ಹೊಸದಲ್ಲ. ಹಾಸಿನ ನೇರಕ್ಕಾಗಲಿ ಹೊಕ್ಕಿನ ನೇರಕ್ಕಾಗಲಿ ಎಳೆದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ. ಓರೆಯಾಗಿ ಎಳೆದರೆ ಹಿಗ್ಗುತ್ತದೆ. ನೂಲು ಅದೇ, ದಿಕ್ಕು ಮಾತ್ರ ಬೇರೆ. ನೇಕಾರರೂ ದರ್ಜಿಗಳೂ ಬಲ್ಲ ಈ ಸಂಗತಿಯೇ ಕಣ್ಣಿನ ವಿಜ್ಞಾನವೊಂದಕ್ಕೂ ಆಧಾರವಾಗಿದೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಕಣ್ಣೊಳಗಿನ ಒತ್ತಡವನ್ನು ತಾಳಿಕೊಂಡು ಅದು ಗುಮ್ಮಟದ ಆಕಾರವನ್ನು ಉಳಿಸಿಕೊಳ್ಳುತ್ತದೆ. ಈ ಬಲ ಬರುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಕೀತ್ ಮೀಕ್ ಮತ್ತು ಸಂಗಡಿಗರು ಅವನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿದರು. ನಡುಭಾಗದಲ್ಲಿ ಎಳೆಗಳು ಹೆಚ್ಚಾಗಿ ಮೇಲಿನಿಂದ ಕೆಳಕ್ಕೂ ಅಡ್ಡಡ್ಡಲಾಗಿಯೂ ಸಾಗುತ್ತವೆ. ಅಂಚಿನಲ್ಲಿ ಬಳೆಯಂತೆ ಸುತ್ತುವರಿಯುತ್ತವೆ.

ಕಂಪ್ಯೂಟರಿನಲ್ಲಿ ಕಾರ್ನಿಯಾವನ್ನು ಸಾವಿರಾರು ಪುಟ್ಟ ತುಣುಕುಗಳಾಗಿ ವಿಭಜಿಸಿ, ಒತ್ತಡಕ್ಕೆ ಪ್ರತಿಯೊಂದು ಎಷ್ಟು ಹಿಗ್ಗುವುದೆಂದು ಲೆಕ್ಕ ಹಾಕುತ್ತಾರೆ. ಎಲ್ಲ ದಿಕ್ಕಿಗೂ ಒಂದೇ ಬಲವೆಂದು ಭಾವಿಸಿದರೆ ಲೆಕ್ಕ ತಪ್ಪಬಹುದು. ಆದ್ದರಿಂದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಪಿನ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಎಳೆಗಳ ದಿಕ್ಕನ್ನೂ ಒಳಗೊಂಡ ಮಾದರಿಯನ್ನು ಪ್ರಕಟಿಸಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿಯೂ ಇಂಥ ಸಂಶೋಧನೆ ನಡೆದಿದೆ.

ಇದರಿಂದ ಪ್ರಯೋಜನವೇನು? ಕೆರಟೋಕೋನಸ್ ಎಂಬ ರೋಗ ಸಾಮಾನ್ಯವಾಗಿ ಹದಿಹರೆಯದಲ್ಲಿ ತೋರುತ್ತದೆ. ಅದರಲ್ಲಿ ಎಳೆಗಳ ಜೋಡಣೆ ಕೆಟ್ಟು, ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುತ್ತದೆ. ಈ ರೋಗ ಅಡಗಿರುವ ಕಣ್ಣಿಗೆ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ ಮಾಡಿದರೆ ದೃಷ್ಟಿಗೇ ಅಪಾಯ. ಎಷ್ಟು ಕತ್ತರಿಸಿದರೆ ಎಷ್ಟು ಸಡಿಲಗೊಳ್ಳುವುದೆಂದು ಶಸ್ತ್ರ ಹಿಡಿಯುವ ಮೊದಲೇ ಅಂದಾಜು ಮಾಡುವುದು ಈ ಮಾದರಿಗಳ ಗುರಿ. ಆದರೆ ಒಬ್ಬೊಬ್ಬ ರೋಗಿಯ ಎಳೆಗಳ ದಿಕ್ಕನ್ನು ಅಳೆಯುವುದು ಇನ್ನೂ ಸುಲಭವಾಗಿಲ್ಲ. ಹೀಗಾಗಿ ಮಾದರಿಯು ವೈದ್ಯರ ವಿವೇಕಕ್ಕೆ ನೆರವೇ ಹೊರತು ಅದರ ಬದಲಿಯಲ್ಲ.

ರೋಗವನ್ನು ಬೇಗ ಗುರುತಿಸಿದರೆ, ರೈಬೋಫ್ಲೇವಿನ್ ಹನಿ ಹಾಗೂ ನೇರಳಾತೀತ ಬೆಳಕಿನಿಂದ ಎಳೆಗಳ ನಡುವೆ ಹೊಸ ಬೆಸುಗೆ ಮೂಡಿಸಿ ಅದು ಮುಂದುವರಿಯದಂತೆ ತಡೆಯುವ ಚಿಕಿತ್ಸೆಯುಂಟು. ಮಕ್ಕಳೇ, ಕಣ್ಣನ್ನು ಬಲವಾಗಿ ಉಜ್ಜಬೇಡಿ. ಕನ್ನಡಕದ ನಂಬರು ಪದೇಪದೇ ಬದಲಾಗುತ್ತಿದ್ದರೆ ತಜ್ಞರಿಗೆ ತೋರಿಸಿ.

ನೂರು ವರ್ಷ ಕನ್ನಡದಲ್ಲಿ ಪಾಠ ಹೇಳಿದ ಈ ಶಾಲೆಯಲ್ಲಿ ನಿಂತು, ಹಾಸು, ಹೊಕ್ಕು ಎಂಬ ಮನೆಮಾತುಗಳಿಂದಲೇ ಈ ವಿಷಯವನ್ನು ವಿವರಿಸಲು ಸಾಧ್ಯವಾದದ್ದು ನಮ್ಮ ಭಾಗ್ಯ. ಮುಂದಿನ ಲೆಕ್ಕವನ್ನು ನಿಮ್ಮಲ್ಲೊಬ್ಬರು ಮಾಡಲಿ ಎಂದು ಹಾರೈಸಿ, ನಮ್ಮ ಮಾತನ್ನು ಮುಗಿಸುತ್ತೇವೆ.