ತಣ್ಣನೆಯ ಹುದುಗು

ದೋಸೆಯ ಹಿಟ್ಟು ಬೇಸಗೆಯಲ್ಲಿ ಬೇಗ ಹುಳಿಯಾಗುತ್ತದೆ. ಧನುರ್ಮಾಸದ ಚಳಿಯಲ್ಲಿ ಬೆಳಗಾದರೂ ಮೇಲೇಳುವುದಿಲ್ಲ. ಇದನ್ನು ಅರಿಯದ ಗೃಹಿಣಿ ನಮ್ಮ ನಾಡಿನಲ್ಲಿಲ್ಲ. ಹುದುಗಿಗೂ ಶಾಖಕ್ಕೂ ಇರುವ ಈ ನಂಟನ್ನು ಅವಳಿಗಿಂತ ಹೆಚ್ಚಾಗಿ ಬಲ್ಲೆನೆಂಬ ಹಮ್ಮು ಒಂದು ಕಾಲಕ್ಕೆ ನನಗಿತ್ತು. ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಿದ್ದವನು ನಾನು. ಆ ಹಮ್ಮನ್ನು ಇಳಿಸಿದ್ದು ಇಪ್ಪತ್ತು ಲೀಟರ್ ಲಾಗರ್ ಬಿಯರು.

ಉತ್ತರ ಇಂಗ್ಲೆಂಡಿನ ಊರೊಂದರಲ್ಲಿ ಎರಡು ವರ್ಷ ನನ್ನ ವಾಸ. ಆ ದೇಶದಲ್ಲಿ ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ತಯಾರಿಸಲು 1963ರಿಂದ ಪರವಾನಗಿ ಬೇಕಿಲ್ಲ. ನಮ್ಮಲ್ಲಿ ಹಾಗಲ್ಲವೆಂಬುದನ್ನು ಶ್ರೋತೃಗಳಿಗೆ ನೆನಪಿಸಿಯೇ ಮುಂದುವರಿಯುತ್ತೇನೆ. ನೆರೆಮನೆಯ ವೃದ್ಧರು, ರೈಲ್ವೆಯಿಂದ ನಿವೃತ್ತರಾದವರು, ಅಡಿಗೆಮನೆಯ ಮೂಲೆಯಲ್ಲಿ ಏಲ್ ಎಂಬ ಬಿಯರನ್ನು ತಯಾರಿಸುತ್ತಿದ್ದರು. ನನ್ನ ಉದ್ಯೋಗ ತಿಳಿದಾಗ ಅವರು, “ಲಾಗರ್ ನನ್ನಂಥವನ ಮನೆಯಲ್ಲಿ ಆಗುವುದಲ್ಲ, ಅದಕ್ಕೆ ಚಳಿ ಬೇಕು. ನೀವು ಬಲ್ಲವರು, ಬರುವ ಮಾರ್ಚಿಯಲ್ಲಿ ನನಗೆ ಎಪ್ಪತ್ತು ತುಂಬುತ್ತದೆ, ಅಂದು ಒಂದು ಲೋಟ ಕೊಡಿ” ಎಂದರು. ನಾನು ಒಪ್ಪಿದೆ.

ಏಲ್‌ನ ಯೀಸ್ಟು ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾಯಾಗಿ ಕೆಲಸ ಮಾಡುತ್ತದೆ. ಲಾಗರಿನದು 9ರಿಂದ 13 ಡಿಗ್ರಿಯ ತಂಪನ್ನು ಬಯಸುತ್ತದೆ. ಬವೇರಿಯದಲ್ಲಿ 1553ರಲ್ಲಿ ಹೊರಟ ಒಂದು ರಾಜಾಜ್ಞೆ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬಿಯರ್ ತಯಾರಿಕೆಯನ್ನು ನಿಷೇಧಿಸಿತ್ತು. ಬೇಸಗೆಯ ಬಿಯರು ಕೆಡುತ್ತಿದ್ದುದೇ ಕಾರಣ. ಚಳಿಗಾಲದಲ್ಲಷ್ಟೇ ದುಡಿಯಬೇಕಾದಲ್ಲಿ ಚಳಿ ತಾಳುವ ಯೀಸ್ಟಿನ ಕೈ ಮೇಲಾದುದು ಸಹಜ. ಈ ಯೀಸ್ಟು ಮಿಶ್ರತಳಿ. ಒಂದು ಪಾಲು ರೊಟ್ಟಿಯನ್ನೂ ಏಲನ್ನೂ ಉಬ್ಬಿಸುವ ಯೀಸ್ಟಿನದು. ಇನ್ನೊಂದು ಪಾಲಿನ ಮೂಲ ಬಹುಕಾಲ ಒಗಟಾಗಿದ್ದು, 2011ರಲ್ಲಿ ದಕ್ಷಿಣ ಅಮೆರಿಕದ ಪಟಗೋನಿಯದ ಬೀಚ್ ಮರಗಳಲ್ಲಿ ದೊರೆತ ಕಾಡು ಯೀಸ್ಟಿನಿಂದ ಬಯಲಾಯಿತು. ಚಳಿ ತಾಳುವ ಗುಣ ಬಂದದ್ದು ಆ ಕಾಡಿನ ನೆಂಟನಿಂದ.

ನಾನು ತರಗತಿಯಲ್ಲಿ ಹೇಳುತ್ತಿದ್ದುದು ಕೋಪನ್‌ಹೇಗನ್ನಿನ ಕಥೆ. ಕಾರ್ಲ್ಸ್‌ಬರ್ಗ್ ಬ್ರೂವರಿಯ ಸ್ಥಾಪಕ ಯಾಕೋಬ್ಸೆನ್ 1845ರಲ್ಲಿ ಮ್ಯೂನಿಕ್ಕಿನಿಂದ ಯೀಸ್ಟು ತರುವಾಗ, ಗಾಡಿ ನಿಂತಲ್ಲೆಲ್ಲ ಪಾತ್ರೆಗೆ ತಣ್ಣೀರು ಹೊಯ್ದು ಅದನ್ನು ಕಾಪಾಡಿದರೆಂಬ ಪ್ರತೀತಿಯಿದೆ. ಮುಂದೆ ಅಲ್ಲಿಯ ಬಿಯರು ಕೆಟ್ಟಾಗ, ಯೀಸ್ಟಿನೊಳಗೆ ಕಾಡು ಯೀಸ್ಟುಗಳು ಬೆರೆತಿವೆಯೆಂದು ಕಂಡುಕೊಂಡವರು ಅವರ ಪ್ರಯೋಗಾಲಯದ ಎಮಿಲ್ ಹಾನ್ಸೆನ್. ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಎರಡು ಕುಪ್ಪಿಗೆ ಒಂದು ಕೋಶ ಬೀಳುವಷ್ಟು ತೆಳುವಾಗಿ ದ್ರವವನ್ನು ಬೆರೆಸಿ, ಒಂದೇ ಒಂದು ಚುಕ್ಕೆ ಬೆಳೆದ ಕುಪ್ಪಿಯಿಂದ ಅವರು ಶುದ್ಧ ಸಂತಾನವನ್ನು ಬೆಳೆಸಿದರು. 1883ರಲ್ಲಿ ಅದು ಕಾರ್ಖಾನೆಯ ಬಳಕೆಗೆ ಬಂತು. ಯಾಕೋಬ್ಸೆನ್ ಆ ಯೀಸ್ಟನ್ನು ಬಚ್ಚಿಡದೆ ಕೇಳಿದವರಿಗೆಲ್ಲ ಕೊಟ್ಟರು. ಪಕ್ಕದ ಮನೆಗೆ ಹೆಪ್ಪು ಕೊಡುವ ನಮ್ಮವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ಇಷ್ಟೆಲ್ಲ ಹೇಳುತ್ತಿದ್ದವನು ಜೂನ್ ತಿಂಗಳಲ್ಲಿ ಮೊದಲ ಪಾತ್ರೆಯನ್ನು ಮಲಗುವ ಕೋಣೆಯಲ್ಲಿಟ್ಟೆ! ಯೀಸ್ಟು ಶುದ್ಧವಾಗಿದ್ದರೆ ಸಾಕೆಂಬುದು ನನ್ನ ಎಣಿಕೆ. ಗೋಡೆಯ ಉಷ್ಣಮಾಪಕ 21 ತೋರಿಸುತ್ತಿತ್ತು. ಆದರೆ ಹುದುಗುವ ದ್ರವ ತಾನೇ ಶಾಖ ಹುಟ್ಟಿಸುವುದರಿಂದ ಒಳಗೆ ಇನ್ನೂ ಎರಡು ಮೂರು ಡಿಗ್ರಿ ಹೆಚ್ಚಿದ್ದಿರಬೇಕು. ನಾಲ್ಕೇ ದಿನಕ್ಕೆ ಗುಳ್ಳೆ ನಿಂತಿತು. ಬಾಳೆಹಣ್ಣಿನಂತಹ ವಾಸನೆ, ಕುಡಿದರೆ ಗಂಟಲಲ್ಲಿ ಸ್ಪಿರಿಟಿನ ಉರಿ. ಅದನ್ನು ಬಚ್ಚಲಿಗೆ ಸುರಿದೆ.

ಎರಡನೆಯದನ್ನು ಜನವರಿಯಲ್ಲಿ ಶೆಡ್ಡಿನಲ್ಲಿಟ್ಟೆ. ತಂಪಿನಲ್ಲಿ ಯೀಸ್ಟು ನಿಧಾನವಾಗಿ ಬೆಳೆಯುವುದರಿಂದ ಏಲ್‌ಗೆ ಹಾಕುವುದರ ಎರಡರಷ್ಟಾದರೂ ಹಾಕಬೇಕು. ನಾನು ಒಂದೇ ಪೊಟ್ಟಣ ಹಾಕಿದ್ದೆ. ಹುದುಗು ತಡವಾಗಿ ಹಿಡಿಯಿತು. ಹುಟ್ಟುಹಬ್ಬ ಸಮೀಪಿಸಿತೆಂದು, ಗುಳ್ಳೆ ಪೂರ್ತಿ ನಿಲ್ಲುವ ಮೊದಲೇ ಬಿಯರನ್ನು ಬೇರ್ಪಡಿಸಿ ಶೀತಕ್ಕೆ ಸೇರಿಸಿದೆ. ಆ ಸಂಜೆ ವೃದ್ಧರು ಒಂದು ಗುಟುಕು ಕುಡಿದು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, “ಇದರಲ್ಲಿ ಬೆಣ್ಣೆ ಹಾಕಿದ್ದೀರಾ?” ಎಂದು ಕೇಳಿದರು. ಅಪಹಾಸ್ಯದ ಮಾತಲ್ಲ, ಅದಕ್ಕೇ ಹೆಚ್ಚು ನೊಂದೆ.

ಬೆಣ್ಣೆಯ ವಾಸನೆಗೆ ಕಾರಣ ಡೈಅಸಿಟೈಲ್ ಎಂಬ ವಸ್ತು. ಬೆಣ್ಣೆಯಲ್ಲಿದ್ದರೆ ಅದು ಪರಿಮಳ, ಲಾಗರಿನಲ್ಲಿ ದೋಷ. ಯೀಸ್ಟು ಬೆಳೆಯುವಾಗ ಅದರ ಮೂಲದ್ರವ್ಯವನ್ನು ಹೊರಕ್ಕೆ ಚೆಲ್ಲುತ್ತದೆ. ಅದು ಬಿಯರಿನಲ್ಲಿ ತಾನಾಗಿಯೇ ಡೈಅಸಿಟೈಲ್ ಆಗುತ್ತದೆ. ಅದನ್ನು ಹೀರಿ ನಿರ್ವಾಸನೆಗೊಳಿಸುವುದೂ ಅದೇ ಯೀಸ್ಟು. ಈ ಮಾರ್ಪಾಡು ಶೀತದಲ್ಲಿ ಬಹಳ ನಿಧಾನ. ದುಡಿಮೆ ಮುಗಿಯುವ ಮೊದಲೇ ನಾನು ಯೀಸ್ಟನ್ನು ತೆಗೆದು, ಉಳಿದುದನ್ನು ನಿದ್ದೆಗೆ ದೂಡಿದ್ದೆ.

ಏಪ್ರಿಲ್‌ನಲ್ಲಿ ಹಳೆಯ ರೆಫ್ರಿಜರೇಟರೊಂದನ್ನು ಕೊಂಡು ಅದಕ್ಕೆ ಶಾಖ ನಿಯಂತ್ರಕ ಜೋಡಿಸಿದೆ. ಈ ಸಲ ಯೀಸ್ಟಿನ ಆಯ್ಕೆಯಲ್ಲೂ ವಿಚಾರ ಮಾಡಿದೆ. ಲಾಗರ್ ಯೀಸ್ಟುಗಳಲ್ಲಿ ಎರಡು ಬಳಗಗಳಿವೆ. ಸಾಟ್ಸ್ ಬಳಗದವು ಹೆಚ್ಚು ಚಳಿ ತಾಳುತ್ತವೆ, ಆದರೆ ಮಾಲ್ಟಿನ ಕೆಲವು ಸಕ್ಕರೆಯನ್ನು ಉಣ್ಣದೆ ಬಿಡುತ್ತವೆ. ಫ್ರೋಬರ್ಗ್ ಬಳಗದವು ಪೂರ್ತಿ ಉಣ್ಣುತ್ತವೆ. ಎರಡನೆಯ ಬಳಗದ, ವೈಹೆನ್‌ಸ್ಟೆಫಾನಿನ 34/70 ಎಂಬುದನ್ನು ಆರಿಸಿದೆ. ಕೈತಪ್ಪುಗಳನ್ನು ಕ್ಷಮಿಸುವ ಯೀಸ್ಟೆಂದು ಅದಕ್ಕೆ ಹೆಸರು. ಎರಡು ಪೊಟ್ಟಣ ಹಾಕಿದೆ. ಉಷ್ಣಮಾಪಕವನ್ನು ಪಾತ್ರೆಯ ಮೈಗೇ ಬಟ್ಟೆ ಸುತ್ತಿ ಕಟ್ಟಿದೆ. ಹತ್ತು ಡಿಗ್ರಿಯಲ್ಲಿ ತೊಡಗಿ ಹನ್ನೊಂದರಲ್ಲಿ ನಿಲ್ಲಿಸಿ, ಸಕ್ಕರೆಯ ಮುಕ್ಕಾಲು ಪಾಲು ಕರಗಿದ ಮೇಲೆ ಹದಿನಾರಕ್ಕೆ ಏರಿಸಿ ಮೂರು ದಿನ ಬಿಟ್ಟೆ. ಬೆಚ್ಚಗಾದ ಯೀಸ್ಟು ತಾನು ಚೆಲ್ಲಿದ್ದನ್ನು ತಾನೇ ಬಳಿದುಕೊಂಡಿತು. ಆಮೇಲೆ ದಿನಕ್ಕೆ ಎರಡು ಡಿಗ್ರಿಯಂತೆ ಇಳಿಸಿ, ಎರಡು ಡಿಗ್ರಿಯಲ್ಲಿ ಐದು ವಾರ. ಜರ್ಮನ್ ಭಾಷೆಯಲ್ಲಿ ಲಾಗರ್ ಎಂದರೆ ಉಗ್ರಾಣ. ಆ ಐದು ವಾರ ಬಾಗಿಲು ತೆರೆಯದಿರುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಊರಿಗೆ ಮರಳುವ ಮುನ್ನಾ ವಾರ ವೃದ್ಧರಿಗೆ ಲೋಟ ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು, ಕುಡಿದರು, ಏನೂ ಅನ್ನದೆ ಖಾಲಿ ಮಾಡಿದರು. ಮರುದಿನ ಬೆಳಗ್ಗೆ ಬಾಗಿಲು ತಟ್ಟಿದ ಸದ್ದು. ತೊಳೆದ ಜಾಮ್ ಶೀಸೆಯೊಂದನ್ನು ಹಿಡಿದು ನಿಂತಿದ್ದರು. ಪಾತ್ರೆಯ ತಳದಲ್ಲಿ ಉಳಿದ ಗಷ್ಟನ್ನು ಸ್ವಲ್ಪ ಕೊಡುವಿರಾ ಎಂದು ಕೇಳಿದರು.