ಹೆಸರೊಂದು, ಬರಹ ಹಲವು: ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸುವ ಬಗೆ

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಉಪಯೋಗವಾಗುವ ಏನಾದರೂ ಹೇಳಬೇಕೆಂದು ಸಂಘದವರು ಕೇಳಿದ್ದಾರೆ. ಕಾಲೇಜಿನಲ್ಲಿ ನಮಗೆ ಅಚ್ಚುಕಟ್ಟಾದ ಲೆಕ್ಕಗಳನ್ನು ಕೊಡುತ್ತಾರೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ಕೈಗೆ ಬರುವುದು ಹತ್ತು ಜನ ಹತ್ತು ರೀತಿ ತುಂಬಿದ ಪಟ್ಟಿಗಳು. ಅವುಗಳನ್ನು ಸರಿಪಡಿಸುವುದೇ ಪ್ರೋಗ್ರಾಮರನ ದೊಡ್ಡ ಕೆಲಸ. ಅದರಲ್ಲಿ ಒಂದೇ ಒಂದು ಸಮಸ್ಯೆಯನ್ನು ಇಂದು ತೆಗೆದುಕೊಳ್ಳುತ್ತೇನೆ. ಎರಡು ಪಟ್ಟಿಗಳಲ್ಲಿರುವ ಹೆಸರು ಒಬ್ಬರದೇ ಅಲ್ಲವೇ ಎಂದು ತಿಳಿಯುವುದು ಹೇಗೆ?

ಇದು ನಮ್ಮ ಮನೆಮನೆಯ ಸಮಸ್ಯೆಯೂ ಹೌದು. ಶಾಲೆಯ ದಾಖಲೆಯಲ್ಲಿ ಒಂದು ಕಾಗುಣಿತ, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು. ಮುಹಮ್ಮದ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಯು ಹಾಕಿ ಬರೆಯುವವರಿದ್ದಾರೆ, ಓ ಹಾಕಿ ಬರೆಯುವವರಿದ್ದಾರೆ. ಕೊನೆಗೆ ಎ-ಡಿ ಅಥವಾ ಇ-ಡಿ. ಇಲ್ಲವೇ ಎಂ-ಓ-ಎಚ್-ಡಿ ಎಂದು ಮೊಟಕುಗೊಳಿಸಿ ಒಂದು ಚುಕ್ಕೆ. ಕೆಲವರ ಹೆಸರಿನ ಹಿಂದೆ ಇನಿಶಿಯಲ್, ಕೆಲವರದಕ್ಕೆ ಮುಂದೆ. ಅಬ್ದುಲ್ ರಹಮಾನ್ ಎಂಬುದು ಒಂದೇ ಹೆಸರು. ಆದರೆ ಅರ್ಜಿಯ ಪ್ರೋಗ್ರಾಂ ನಡುವಿನ ಖಾಲಿ ಜಾಗದಲ್ಲಿ ಅದನ್ನು ಕತ್ತರಿಸಿ ಅಬ್ದುಲ್ ಹೆಸರು, ರಹಮಾನ್ ಮನೆತನ ಎಂದು ಬರೆದುಕೊಳ್ಳುತ್ತದೆ. ಕಂಪ್ಯೂಟರಿಗೆ ಒಂದು ಚುಕ್ಕೆ ಹೆಚ್ಚಾದರೂ ಅದು ಬೇರೆ ಹೆಸರು. ಹೀಗಾಗಿ ಅರ್ಹಳಾದ ಹುಡುಗಿಯ ವಿದ್ಯಾರ್ಥಿವೇತನ ನಿಂತುಹೋಗಬಹುದು. ತಂದೆ ಕೂಲಿ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಬಹುದು.

ಈ ಸಮಸ್ಯೆ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ನಮ್ಮ ಹದೀಸ್ ವಿದ್ವಾಂಸರು ಸಾವಿರ ವರ್ಷಗಳ ಹಿಂದೆಯೇ ಇದನ್ನು ಎದುರಿಸಿದ್ದರು. ಒಂದು ಹದೀಸನ್ನು ಸ್ವೀಕರಿಸಬೇಕಾದರೆ ಅದನ್ನು ಹೇಳಿದವರು ಯಾರು, ನಂಬಲರ್ಹರೇ ಎಂದು ತಿಳಿಯಬೇಕು. ಆದರೆ ಒಂದೇ ಹೆಸರಿನ ಹಲವು ವರದಿಗಾರರಿದ್ದರು. ಜೊತೆಗೆ ಅರಬಿ ಲಿಪಿಯಲ್ಲಿ ಒಂದೇ ರೀತಿ ಕಾಣುವ, ಓದುವಾಗ ಬೇರೆಯಾಗುವ ಹೆಸರುಗಳಿದ್ದವು. ಎರಡನೆಯ ಬಗೆಯ ಹೆಸರುಗಳ ಬಗ್ಗೆ ಕ್ರಿ.ಶ. 995ರಲ್ಲಿ ನಿಧನರಾದ ಇಮಾಮ್ ದಾರಕುತ್ನಿಯವರು ಗ್ರಂಥ ಬರೆದರು. ಮೊದಲನೆಯ ಬಗೆಯ ಬಗ್ಗೆ 1071ರಲ್ಲಿ ನಿಧನರಾದ ಖತೀಬ್ ಅಲ್-ಬಗ್ದಾದಿಯವರು ಬರೆದರು. ಅವರ ಕ್ರಮ ಗಮನಿಸಿ. ಅವರು ಹೆಸರೊಂದನ್ನೇ ನೆಚ್ಚಿಕೊಳ್ಳಲಿಲ್ಲ. ತಂದೆ ಯಾರು, ಊರು ಯಾವುದು, ಯಾರಿಂದ ಕಲಿತರು, ಯಾರಿಗೆ ಕಲಿಸಿದರು, ಯಾವ ವರ್ಷ ತೀರಿಕೊಂಡರು ಎಂದೆಲ್ಲ ಕೂಡಿಸಿ ನೋಡಿ ತೀರ್ಮಾನಿಸಿದರು. ಈ ಕ್ರಮವನ್ನೇ ನಾವು ಪ್ರೋಗ್ರಾಮಿನಲ್ಲೂ ಅನುಸರಿಸಬೇಕು.

ಈಗ ಕೆಲಸಕ್ಕೆ ಬರೋಣ. ಮೊದಲ ನಿಯಮ: ಬಂದ ಪಟ್ಟಿಯನ್ನು ತಿದ್ದಬೇಡಿ. ಮೂಲ ಹೆಸರಿನ ಕಾಲಂ ಹಾಗೆಯೇ ಇರಲಿ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ತಿದ್ದುವುದೆಲ್ಲ ಅದರಲ್ಲಿ ಮಾತ್ರ. ಆ ಕಾಲಂ ಹೋಲಿಸುವುದಕ್ಕೇ ಹೊರತು ಪ್ರಮಾಣಪತ್ರದಲ್ಲಿ ಅಚ್ಚು ಹಾಕುವುದಕ್ಕಲ್ಲ.

ಎರಡನೆಯದು, ತೆರೆಯುವಾಗಲೇ ಮಾಹಿತಿ ಕೆಡದಂತೆ ನೋಡಿಕೊಳ್ಳುವುದು. ಎಕ್ಸೆಲ್ ಸಾಮಾನ್ಯವಾಗಿ ಅಂಕಿ ಕಂಡರೆ ಸಂಖ್ಯೆ ಎಂದೇ ತಿಳಿಯುತ್ತದೆ. ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳನ್ನು ಅದು ಕೈಬಿಡುತ್ತದೆ. 15 ಅಂಕಿಗಳಿಗಿಂತ ಉದ್ದವಾದ ಸಂಖ್ಯೆಯಲ್ಲಿ ನಂತರದ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಆದ್ದರಿಂದ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ನೋಂದಣಿ ಸಂಖ್ಯೆಗಳ ಕಾಲಂಗಳನ್ನು ಮೊದಲೇ ಪಠ್ಯ ಎಂದು ಗುರುತಿಸಿ. 03/04/2008 ಎಂದರೆ ಏಪ್ರಿಲ್ 3ರೋ ಮಾರ್ಚ್ 4ರೋ ಎಂದು ಪಟ್ಟಿ ಕೊಟ್ಟವರನ್ನೇ ಕೇಳಿ. ಕೊನೆಗೆ ಸಾಲುಗಳನ್ನು ಎಣಿಸಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16 ಸಾವಿರ ಕೊರೋನಾ ಪ್ರಕರಣಗಳು ವರದಿಯಿಂದ ಬಿಟ್ಟುಹೋದವು. 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದ ಹಳೆಯ ಎಕ್ಸೆಲ್ ಫೈಲಿನಲ್ಲಿ ಮಾಹಿತಿ ಸಾಗಿಸಿದ್ದೇ ಅದಕ್ಕೆ ಕಾರಣ. ಹೋದ ಸಾಲು ಎಷ್ಟು, ಬಂದ ಸಾಲು ಎಷ್ಟು ಎಂದು ತಾಳೆ ನೋಡುವುದಕ್ಕೆ ಒಂದು ನಿಮಿಷ ಸಾಕು.

ಮೂರನೆಯದು, ಕಣ್ಣಿಗೆ ಒಂದೇ ಕಂಡರೂ ಒಳಗೆ ಬೇರೆಯಾಗಿರುವ ಅಕ್ಷರಗಳು. ಕನ್ನಡದ 'ಕೋ' ಎಂಬ ಅಕ್ಷರವನ್ನು ಯೂನಿಕೋಡಿನಲ್ಲಿ ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಅದರ ಭಾಗಗಳನ್ನು ಒಂದೊಂದಾಗಿ ಜೋಡಿಸಿಯೂ ಬರೆಯಬಹುದು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಬಿದ್ದರೆ ಓದುವವರಿಗೆ ಗೊತ್ತೇ ಆಗುವುದಿಲ್ಲ. ಉರ್ದುವಿನ 'ಯೇ' ಮತ್ತು ಅರಬಿಯ 'ಯಾ', ಹಾಗೆಯೇ ಎರಡರ 'ಕಾಫ್' ಅಕ್ಷರಗಳಿಗೆ ಯೂನಿಕೋಡಿನಲ್ಲಿ ಬೇರೆ ಬೇರೆ ಸಂಕೇತಗಳಿವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತಗಳಲ್ಲಂತೂ ಒಳಗಿರುವುದು ಕನ್ನಡವೇ ಅಲ್ಲ, ಲ್ಯಾಟಿನ್ ಲಿಪಿಯ ಅಕ್ಷರ, ಚಿಹ್ನೆಗಳ ಸಂಕೇತಗಳು. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಭಾಗಗಳಾಗಿ ಬರೆದ ಸ್ವರಚಿಹ್ನೆಗಳನ್ನು ಏಕರೂಪಕ್ಕೆ ತರುವ ಸಾಧನ ಪೈಥಾನ್‌ನಂಥ ಭಾಷೆಗಳಲ್ಲಿ ಸಿದ್ಧವಾಗಿಯೇ ಇದೆ. ಸೊನ್ನೆ ಮತ್ತು ಉರ್ದು-ಅರಬಿ ಅಕ್ಷರಗಳಿಗೆ ಮಾತ್ರ ನಾವೇ ಒಂದು ಬದಲಿಪಟ್ಟಿ ಮಾಡಿಕೊಳ್ಳಬೇಕು. ಇದರ ಜೊತೆಗೇ ಹೆಚ್ಚುವರಿ ಖಾಲಿ ಜಾಗ, ಚುಕ್ಕೆ, ದೊಡ್ಡಕ್ಷರ-ಚಿಕ್ಕಕ್ಷರದ ಭೇದ ತೆಗೆಯಿರಿ. ಎಂ-ಓ-ಎಚ್-ಡಿಯಂಥ ಮೊಟಕು ರೂಪಗಳನ್ನು ಪೂರ್ತಿ ರೂಪಕ್ಕೆ ಬಿಡಿಸಿ. ಇಷ್ಟರಿಂದಲೇ ಬಹಳಷ್ಟು ಹೆಸರುಗಳು ಹೊಂದಿಕೊಳ್ಳುತ್ತವೆ.

ಉಳಿದವುಗಳಿಗೆ ಎರಡು ಪ್ರಸಿದ್ಧ ವಿಧಾನಗಳಿವೆ. ಮೊದಲನೆಯದು ಸೌಂಡೆಕ್ಸ್. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬವರು 1918ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಹತ್ತಿರದ ಉಚ್ಚಾರಣೆಯ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು ಇದರ ರೀತಿ. ಮುಹಮ್ಮದ್ ಎಂದು ಹೇಗೆ ಪೂರ್ತಿಯಾಗಿ ಬರೆದರೂ ಸಿಗುವುದು ಎಂ-530. ಶೇಖ್ ಎಂಬುದನ್ನು ನಮ್ಮಲ್ಲಿ ಬರೆಯುವ ರೂಪಗಳೆಲ್ಲವೂ ಎಸ್-200. ಸಂತೋಷ. ಆದರೆ ಮಹಮೂದ್ ಕೂಡ ಎಂ-530! ಸಯ್ಯದ್ ಮತ್ತು ಸಯೀದ್ ಎರಡೂ ಎಸ್-300. ಇನ್ನೊಂದು ಕಡೆ, ಖಾದರ್ ಎಂಬ ಹೆಸರನ್ನು ಒಬ್ಬರು ಕೆ ಅಕ್ಷರದಿಂದ, ಮತ್ತೊಬ್ಬರು ಕ್ಯೂ ಅಕ್ಷರದಿಂದ ಆರಂಭಿಸಿದರೆ ಅವು ಸೇರುವುದೇ ಇಲ್ಲ. ಅಂದರೆ ಈ ವಿಧಾನ ಬೇರೆಯವರನ್ನು ಒಂದು ಮಾಡುತ್ತದೆ, ಒಬ್ಬರನ್ನು ಇಬ್ಬರು ಮಾಡುತ್ತದೆ.

ಎರಡನೆಯದು ರಷ್ಯಾದ ಗಣಿತಜ್ಞ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟ ಅಳತೆ. ಒಂದು ಪದ ಇನ್ನೊಂದಾಗಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಇದು ಎಣಿಸುತ್ತದೆ. ಫಾತಿಮಾ ಎಂಬುದಕ್ಕೆ ಒಂದು ಎಚ್ ಸೇರಿದರೆ ಅಂತರ 1. ಯು ಮತ್ತು ಎ ಇರುವ ಮುಹಮ್ಮದ್, ಓ ಮತ್ತು ಇ ಇರುವ ಮೊಹಮ್ಮದ್ ನಡುವೆ ಅಂತರ 2. ಹಾಗಾದರೆ 2ರ ಒಳಗಿದ್ದರೆ ಒಬ್ಬರೇ ಎನ್ನೋಣವೇ? ಎರಡೆರಡು ಎಸ್ ಹಾಕಿ ಬರೆದ ಹಸ್ಸನ್ ಮತ್ತು ಹುಸ್ಸೈನ್ ನಡುವಿನ ಅಂತರವೂ ಕೇವಲ 2. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಈ ಎರಡು ಹೆಸರಿಡುವುದು ನಮ್ಮಲ್ಲಿ ಎಷ್ಟು ಸಾಮಾನ್ಯ! ತಂದೆ ಒಬ್ಬರೇ, ವಿಳಾಸ ಒಂದೇ, ಅವಳಿಗಳಾದರೆ ಹುಟ್ಟಿದ ದಿನವೂ ಒಂದೇ. ಪ್ರೋಗ್ರಾಂ ಇವರನ್ನು ಒಬ್ಬನೆಂದು ಸೇರಿಸಿ ಒಬ್ಬನ ಅರ್ಜಿಯನ್ನು ಅಳಿಸಿಹಾಕಿದರೆ ಅದಕ್ಕೆ ಯಾರು ಹೊಣೆ?

ಹಾಗೆಂದು ಈ ವಿಧಾನಗಳು ಬೇಡವೆಂದಲ್ಲ. ಸಾವಿರಾರು ಹೆಸರುಗಳಲ್ಲಿ ನೋಡಬೇಕಾದ ಕೆಲವೇ ಜೋಡಿಗಳನ್ನು ಹುಡುಕಿಕೊಡುವುದು ಅವುಗಳ ಕೆಲಸ, ತೀರ್ಪು ಕೊಡುವುದಲ್ಲ. ಹೆಸರು ಹತ್ತಿರವಿರುವ ಪ್ರತಿ ಜೋಡಿಗೂ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನಾಂಕ, ಊರು, ಶಾಲೆ ಇವುಗಳನ್ನು ಸೇರಿಸಿ ತೂಗಿ. ದಿನಾಂಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿಕೊಂಡ ಹಿರಿಯರು ನಮ್ಮ ಸಭೆಯಲ್ಲೇ ಹಲವರಿರಬಹುದು. ಬಳಿಕ ಮೂರು ಗುಂಪು ಮಾಡಿ. ಎಲ್ಲವೂ ಹೊಂದುವವು, ಏನೂ ಹೊಂದದವು, ಸಂಶಯವಿರುವವು. ಮೂರನೆಯ ಗುಂಪನ್ನು ಮನುಷ್ಯರು ಓದಬೇಕು, ಅಗತ್ಯವಿದ್ದರೆ ಮನೆಗೆ ಫೋನ್ ಮಾಡಿ ಕೇಳಬೇಕು. ಯಾವ ಜೋಡಿಯನ್ನು ಏಕೆ ಸೇರಿಸಿದಿರಿ ಎಂದು ಬರೆದಿಡಿ. ನಾಳೆ ತಪ್ಪು ಕಂಡರೆ ಬಿಡಿಸಲು ದಾರಿ ಇರಲಿ.

ವಿದ್ಯಾರ್ಥಿಗಳೇ, ಇದನ್ನು ಕಲಿಯಲು ದುಬಾರಿ ಕೋರ್ಸು ಬೇಡ. ಒಂದು ಸಾಧಾರಣ ಕಂಪ್ಯೂಟರ್, ಉಚಿತವಾಗಿ ಸಿಗುವ ಪೈಥಾನ್, ಜೊತೆಗೆ ತಾಳ್ಮೆ ಸಾಕು. ಮೊದಲು ನೀವೇ ಐವತ್ತು ಕಾಲ್ಪನಿಕ ಹೆಸರುಗಳ ಎರಡು ಪಟ್ಟಿ ಬರೆದು ಅಭ್ಯಾಸ ಮಾಡಿ. ನಿಜವಾದ ಪಟ್ಟಿ ಕೈಗೆ ಬಂದಾಗ ಅದು ಜನರ ಅಮಾನತು ಎಂದು ತಿಳಿಯಿರಿ. ಮೊಬೈಲ್‌ನಲ್ಲಿ ಅವರಿವರಿಗೆ ಕಳುಹಿಸಬೇಡಿ, ಕೆಲಸ ಮುಗಿದ ಮೇಲೆ ನಿಮ್ಮ ಬಳಿ ಪ್ರತಿ ಇಟ್ಟುಕೊಳ್ಳಬೇಡಿ.

ಸಂಘದ ಸದಸ್ಯರಲ್ಲಿಯೂ ಒಂದು ವಿನಂತಿ. ಮಗುವಿನ ಜನನ ಪ್ರಮಾಣಪತ್ರದಲ್ಲಿ ಯಾವ ಕಾಗುಣಿತವಿದೆಯೋ ಶಾಲೆ, ಆಧಾರ್, ಬ್ಯಾಂಕ್ ಎಲ್ಲ ಕಡೆ ಅದನ್ನೇ ಬರೆಸಿ. ಓದು ಬಾರದ ತಂದೆತಾಯಿಯರಿಗೆ ಇದನ್ನು ತಿಳಿಸಿ ಹೇಳುವುದೂ ವಿದ್ಯಾದಾನವೇ. ನಮ್ಮ ಅರ್ಜಿ ನಮೂನೆಯಲ್ಲಿ "ದಾಖಲೆಗಳಲ್ಲಿ ನಿಮ್ಮ ಹೆಸರು ಬೇರೆ ರೀತಿ ಇದೆಯೇ?" ಎಂಬ ಒಂದು ಪ್ರಶ್ನೆ ಸೇರಿಸಿದರೆ ಅರ್ಧ ತೊಡಕು ಅಲ್ಲಿಯೇ ಬಗೆಹರಿಯುತ್ತದೆ.

ದಾರಕುತ್ನಿಯವರ ಬಳಿ ಕಂಪ್ಯೂಟರ್ ಇರಲಿಲ್ಲ. ಆದರೆ ಒಬ್ಬರ ಮಾತನ್ನು ಇನ್ನೊಬ್ಬರ ಹೆಸರಿಗೆ ಹಚ್ಚಬಾರದೆಂಬ ಎಚ್ಚರ ಅವರಲ್ಲಿತ್ತು. ನಮ್ಮ ಬಳಿ ಕಂಪ್ಯೂಟರ್ ಇದೆ. ಒಬ್ಬರ ಹಕ್ಕು ಇನ್ನೊಬ್ಬರ ಹೆಸರಿನಲ್ಲಿ ಕಳೆದುಹೋಗಬಾರದೆಂಬ ಅದೇ ಎಚ್ಚರ ನಮ್ಮಲ್ಲೂ ಇರಬೇಕು. ಪ್ರಯೋಜನಕಾರಿಯಾದ ಜ್ಞಾನವನ್ನೂ ಅದನ್ನು ನ್ಯಾಯವಾಗಿ ಬಳಸುವ ಬುದ್ಧಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.